‘ಆಯತಪ್ಪಿ ಬಿದ್ದು’ ಎಂದು ಬರೆಯುವ ಮುನ್ನ

ಸಂಪಾದಕರಿಗೆ,

ಮಳೆಗಾಲ ಹತ್ತಿರ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಬಂದೇ ಬರುತ್ತದೆ. ಹೆಂಚು ಸರಿಪಡಿಸುವಾಗ ಆಯತಪ್ಪಿ ಬಿದ್ದು ಕಾರ್ಮಿಕ ಸಾವು. ಆ ‘ಆಯತಪ್ಪಿ’ ಎಂಬ ಮಾತು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾಡಿನ ಮೇಲೆ ಆಯ ತಪ್ಪದ ಆಳು ಯಾರಿದ್ದಾನೆ? ದಿನಕ್ಕೆ ನಾಲ್ಕು ಸಲ ತಪ್ಪುತ್ತದೆ. ತಪ್ಪಿದಾಗ ತಡೆದು ನಿಲ್ಲಿಸಲು ಏನಿತ್ತು ಎಂದು ಯಾರೂ ಬರೆಯುವುದಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನವನು. ಕಸುಬು ಮರಗೆಲಸ. ಏಪ್ರಿಲ್, ಮೇ ಬಂದರೆ ಉಳಿ ಬದಿಗಿಟ್ಟು ಹೆಂಚು ಕೈಯಾಡಿಸಲು ಹೋಗುತ್ತೇನೆ, ಮೂವತ್ತು ವರ್ಷದಿಂದ. ಮಂಗ ಒಡೆದದ್ದು, ಸಿಲ್ವರ್ ಓಕ್ ಕೊಂಬೆ ಬಿದ್ದು ಒಡೆದದ್ದು ತೆಗೆದು ಬೇರೆ ಹಾಕಬೇಕು. ಪಾಚಿ ಉಜ್ಜಬೇಕು. ಲಡ್ಡಾದ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಬದಲಿಸಬೇಕು. ನಮ್ಮ ಕಡೆ ಮಳೆ ಜಾಸ್ತಿ, ಅದಕ್ಕೇ ಮಾಡನ್ನು ಕಡಿದಾಗಿ ಕಟ್ಟುತ್ತಾರೆ. ನೀರು ಜಾರುವಷ್ಟೇ ಚೆನ್ನಾಗಿ ಮನುಷ್ಯನೂ ಜಾರುತ್ತಾನೆ.

ನಾನೂ ಜಾರಿದ್ದೇನೆ. ಎಂಟು ವರ್ಷದ ಹಿಂದೆ, ಜೂನ್‌ನಲ್ಲಿ. ದೇವರ ಕೋಣೆ ಸೋರುತ್ತಿದೆ, ಒಂದೇ ಹೆಂಚು, ಐದು ನಿಮಿಷದ ಕೆಲಸ ಎಂದು ಕರೆದರು. ಮಳೆ ಸ್ವಲ್ಪ ಹೊಳವಾಗಿತ್ತು. ಐದು ನಿಮಿಷಕ್ಕೆ ಹಗ್ಗ ಯಾರು ಹೊತ್ತೊಯ್ಯುತ್ತಾರೆ? ಎಡಗಾಲು ಪಾಚಿಯ ಮೇಲೆ ಹೋಯಿತು. ಹೊಟ್ಟೆ ಅಡಿಯಾಗಿ ಜಾರುವಾಗ ಒಂದೊಂದು ಹೆಂಚಿನ ಅಂಚೂ ಎದೆಗೆ ಟಕ ಟಕ ಬಡಿದದ್ದು ಇವತ್ತಿಗೂ ನೆನಪಿದೆ. ಸೂರಿನಲ್ಲಿ ನೀರು ಹರಿಯುವ ತಗಡಿನ ದೋಣಿ ಹಿಡಿದೆ, ಅದೂ ನನ್ನ ಜೊತೆಗೇ ಬಂತು. ಹನ್ನೆರಡು ಅಡಿ ಕೆಳಗೆ ಸಿಮೆಂಟಿನ ಅಂಗಳ. ಎರಡೂ ಹಿಮ್ಮಡಿ ಮೂಳೆ ಹೋದವು.

ಪಾಪ, ಮನೆಯವರು ಗಾಬರಿಯಲ್ಲಿ ನನ್ನನ್ನು ಎತ್ತಿ ಕಾರಿನ ಹಿಂದಿನ ಸೀಟಿಗೆ ತುರುಕಿ ಹಾಸನಕ್ಕೆ ಕರೆದೊಯ್ದರು. ಡಾಕ್ಟರು ಮೊದಲು ಬೈದದ್ದೇ ಅದಕ್ಕೆ. ಎತ್ತರದಿಂದ ಹಿಮ್ಮಡಿ ಮೇಲೆ ಬಿದ್ದವರ ಬೆನ್ನುಮೂಳೆಯೂ ಮುರಿದಿರಬಹುದಂತೆ. ಅಂಥವರನ್ನು ಮಡಚಿ ಕೂರಿಸಬಾರದು, ಅಲುಗಾಡಿಸದೆ ಮಲಗಿದಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಬೇಕು ಎಂದರು. ನನ್ನ ಬೆನ್ನು ಪುಣ್ಯಕ್ಕೆ ಉಳಿಯಿತು.

ಎದ್ದು ಓಡಾಡುವಂತಾದ ಮೇಲೆ ಮೊದಲು ಮಾಡಿದ ಕೆಲಸ ಬೆಲ್ಟ್ ಕೊಂಡದ್ದು. ಸೊಂಟಕ್ಕೆ ಮಾತ್ರ ಕಟ್ಟುವುದಲ್ಲ. ಅದರಲ್ಲಿ ನೇತಾಡಿದರೆ ಸೊಂಟವೇ ಹೋಗುತ್ತದೆ. ಭುಜ, ತೊಡೆ ಎಲ್ಲ ಸೇರಿಸಿ ಬಿಗಿಯುವ, ಬೆನ್ನ ಮೇಲೆ ಕೊಂಡಿ ಇರುವ ಫುಲ್ ಬಾಡಿ ಹಾರ್ನೆಸ್. ಇಂಥ ಬೆಲ್ಟಿಗಿರುವ ಭಾರತೀಯ ಮಾನಕ ಐಎಸ್ 3521 ಎಂಬ ಗುರುತು ನೋಡಿ ತೆಗೆದುಕೊಂಡೆ. ಎರಡು ಸಾವಿರದೊಳಗೇ ಆಯಿತು. ಮೊದಲ ದಿನ ಹಾಕಿಕೊಂಡಾಗ ಜೊತೆಯ ಹುಡುಗರು ‘ಎತ್ತಿಗೆ ಕಣ್ಣಿ ಕಟ್ಟಿದಂಗಿದೆ’ ಎಂದು ನಕ್ಕರು. ನಗಲಿ.

ಬೆಲ್ಟ್ ಕೊಂಡ ಮೇಲೆ ಗೊತ್ತಾದದ್ದು, ಹಗ್ಗ ಕಟ್ಟಲು ಮಾಡಿನ ಮೇಲೆ ಜಾಗವೇ ಇಲ್ಲ! ರೀಪಿಗೆ ಕಟ್ಟಿದರೆ ರೀಪು ಸಮೇತ ಕೆಳಗೆ. ಬೀಳುವ ಆಳಿನ ಜಗ್ಗು ಅವನ ತೂಕದ ಹಲವು ಪಟ್ಟು. ಈಗ ನಾನು ಹಗ್ಗವನ್ನು ಮಾಡಿನ ನೆತ್ತಿಯ ಮೇಲಿಂದ ಆಚೆ ಬದಿಗೆ ಎಸೆದು, ಅಲ್ಲಿನ ಹಲಸಿನ ಮರಕ್ಕೋ ಕಾಂಕ್ರೀಟ್ ಕಂಬಕ್ಕೋ ಕಟ್ಟಿಸುತ್ತೇನೆ. ನೆತ್ತಿಯ ಹೆಂಚಿಗೆ ಹಗ್ಗ ಉಜ್ಜುವಲ್ಲಿ ಗೋಣಿಚೀಲ ಮಡಚಿ ಇಡಬೇಕು. ಇಲ್ಲದಿದ್ದರೆ ಹೆಂಚಿನ ಅಂಚು ಗರಗಸದ ಹಾಗೆ ಹಗ್ಗ ತಿನ್ನುತ್ತದೆ. ಹಗ್ಗ ಸಡಿಲ ಬಿಡಬಾರದು. ಸೂರಿನ ತನಕ ಹೋಗುವಷ್ಟು ಉದ್ದ ಬಿಟ್ಟರೆ ಅದು ಸುಮ್ನೆ ಅಲಂಕಾರ.

ಒಂದು ಮನೆಯಲ್ಲಿ ಮರ ಹತ್ತಿರವಿಲ್ಲ ಎಂದು ಆಚೆ ಬದಿಯಲ್ಲಿ ನಿಂತ ಜೀಪಿಗೆ ಕಟ್ಟಿದ್ದರು. ನನಗೆ ಹೇಳಿರಲಿಲ್ಲ. ಅರ್ಧ ಗಂಟೆ ಬಿಟ್ಟು ಆ ಮನೆಯ ಹುಡುಗ ಪೇಟೆಗೆ ಹೋಗಬೇಕೆಂದು ಜೀಪು ಸ್ಟಾರ್ಟ್ ಮಾಡಿದ. ನಾನು ಮಾಡಿನ ಮೇಲೆ! ಕೂಗಿದ್ದು ಪಕ್ಕದ ಎಸ್ಟೇಟಿನ ಲೈನ್ ಮನೆಗೆ ಕೇಳಿಸಿತಂತೆ.

ಹೊಸ ಮನೆ ಕಟ್ಟುವವರಿಗೆ ನನ್ನ ಕೋರಿಕೆ ಇಷ್ಟೇ. ಸೋಲಾರ್‌ಗೆ, ಡಿಶ್‌ಗೆ ಜಾಗ ಬಿಡುತ್ತೀರಿ. ನೆತ್ತಿಯ ತೊಲೆಗೆ ಅಲ್ಲಲ್ಲಿ ಗಟ್ಟಿ ಕಬ್ಬಿಣದ ಬಳೆಯನ್ನೂ ಈ ಬದಿಯಿಂದ ಆ ಬದಿಗೆ ದಾಟುವ ಬೋಲ್ಟ್ ಹಾಕಿ ಕೂರಿಸಿ. ತೊಲೆ ತಡೆಯುತ್ತದೆಯೇ ಎಂದು ಇಂಜಿನಿಯರನ್ನು ಕೇಳಿಯೇ ಮಾಡಿಸಿ. ಇಡೀ ಮನೆಯ ಖರ್ಚಿನಲ್ಲಿ ಅದು ಲೆಕ್ಕಕ್ಕೂ ಬರುವುದಿಲ್ಲ. ಮನೆ ಇರುವಷ್ಟು ಕಾಲ ಪ್ರತಿ ವರ್ಷ ಯಾರಾದರೊಬ್ಬ ಅಲ್ಲಿ ಹತ್ತಲೇಬೇಕು, ಅಲ್ವಾ?

ಇನ್ನು ಏಣಿ. ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯನ್ನು ಸೂರಿಗೆ ಒರಗಿಸಬೇಡಿ. ಮರದ ಕವೆಯಲ್ಲಿ ನಿಲ್ಲುವ ಏಣಿ ಸೂರಿನಲ್ಲಿ ಉರುಳುತ್ತದೆ. ಎರಡು ಕಾಲಿನ ಏಣಿಯೇ ಬೇಕು, ಅದೂ ಸೂರಿಗಿಂತ ಮೂರಡಿ ಮೇಲೆ ಬರಬೇಕು. ಕರೆಂಟ್ ತಂತಿ ಹತ್ತಿರವಿದ್ದರೆ ಅಲ್ಯೂಮಿನಿಯಂ ಏಣಿ ಮುಟ್ಟಲೇಬೇಡಿ. ಕೊಟ್ಟಿಗೆ, ಕಣದ ಶೆಡ್ಡುಗಳಲ್ಲಿ ಬೆಳಕಿಗೆಂದು ಹಾಕಿದ ಫೈಬರ್ ಶೀಟು ಪಾಚಿ ಕಟ್ಟಿ ತಗಡಿನ ಬಣ್ಣವೇ ಆಗಿರುತ್ತದೆ. ಅದರ ಮೇಲೆ ಕಾಲಿಟ್ಟವನು ನೇರ ಒಳಗೆ. ಎಲ್ಲೆಲ್ಲಿ ಅಂಥ ಶೀಟಿದೆ ಎಂದು ಮನೆಯವರೇ ಮೊದಲು ತೋರಿಸಬೇಕು.

ನಮ್ಮವರಿಗೂ ಒಂದು ಮಾತು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬುದಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. 70 ವರ್ಷದ ತನಕ ಸಿಗುತ್ತದೆ. ನಾನು ಬಿದ್ದಾಗ ಅದನ್ನೂ ಮಾಡಿಸಿರಲಿಲ್ಲ.

ಈ ಸಲ ರೋಹಿಣಿ ಮಳೆಗೆ ಮೊದಲು ಇನ್ನೂ ಏಳು ಮನೆ ಬಾಕಿ ಇವೆ. ನಾಳೆ ಹೋಗುವ ಮನೆಯವರಿಗೆ ಈಗಷ್ಟೇ ಫೋನ್ ಮಾಡಿದೆ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಬರುತ್ತೇನೆ, ಜೀಪನ್ನು ಗೇಟಿನ ಆಚೆ ನಿಲ್ಲಿಸಿರಿ ಎಂದು ಹೇಳಿದ್ದೇನೆ.

– ಒಬ್ಬ ಮರಗೆಲಸದವ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ