ನೋವು ಹೋಯ್ತು ಅಂತ ಕ್ಯಾಪ್ ಬಿಡಬೇಡಿ

ಮಾನ್ಯ ಸಂಪಾದಕರೇ,

ನಾನು ಬಸ್ ಕಂಡಕ್ಟರ್ ಆಗಿದ್ದವನು. ಹಲ್ಲಿಗೆ ರೂಟ್ ಕೆನಾಲ್ (ಒಳಗಿನ ನರ ತೆಗೆದು, ತೊಳೆದು ತುಂಬುವುದು) ಮಾಡಿಸಿ, ಅದರ ಮೇಲೆ ಕ್ಯಾಪ್ (ಹಲ್ಲನ್ನು ಮುಚ್ಚುವ ಗಟ್ಟಿ ಕವಚ) ಹಾಕಿಸದೆ ಬಿಟ್ಟ ನನ್ನ ಕಥೆ ಇದು. ಬಾಯಲ್ಲಿ ಸದಾ ಸೀಟಿ, ಇಳಿದ ಕಡೆಯೆಲ್ಲ ಟೀ. ಬಲಗಡೆ ಕೆಳಗಿನ ಒಂದು ದವಡೆ ಹಲ್ಲು ಹುಳುಕಾಗಿತ್ತು. ಮೊದಮೊದಲು ತಣ್ಣೀರಿಗೆ ಜುಮ್ ಅನ್ನುತ್ತಿತ್ತು. ಆಮೇಲೆ ಬಿಸಿ ಟೀ ಕುಡಿದರೆ ಅರ್ಧ ಗಂಟೆ ಸಿಡಿತ. ರಾತ್ರಿ ಮಲಗಿದರಂತೂ ಕಿವಿವರೆಗೂ ಎಳೆಯುತ್ತಿತ್ತು. ಲವಂಗ ಅದುಮಿಕೊಂಡೆ, ಮೆಡಿಕಲ್ ಶಾಪಿನ ಮಾತ್ರೆ ನುಂಗಿದೆ. ವಾರ ಕಳೆಯುವಷ್ಟರಲ್ಲಿ ನೋವು ತಾನಾಗೇ ನಿಂತಿತು. ವಾಸಿಯಾಯ್ತು ಅಂದುಕೊಂಡೆ. ವಾಸಿಯಾಗಿರಲಿಲ್ಲ, ಒಳಗಿನ ನರ ಸತ್ತಿತ್ತು ಅಷ್ಟೇ. ಕೆಲವು ತಿಂಗಳಿಗೆ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತು.

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ. ರೂಟ್ ಕೆನಾಲ್ ಆಗಬೇಕು ಅಂದರು. ಮಾತ್ರೆಯಲ್ಲೇ ಹೋಗಲ್ವಾ ಅಂತ ಕೇಳಿದೆ. "ಸತ್ತ ನರಕ್ಕೆ ರಕ್ತವೇ ಹೋಗಲ್ಲ, ಮಾತ್ರೆ ಹೇಗೆ ಹೋಗುತ್ತೆ?" ಅಂದರು ಡಾಕ್ಟರಮ್ಮ. ಹಲ್ಲು ಮುಟ್ಟಿಸಿದರೆ ಕಣ್ಣು ಹೋಗುತ್ತೆ ಅಂತ ನಮ್ಮ ಡ್ರೈವರಣ್ಣ ಬೇರೆ ಹೆದರಿಸಿದ್ದ. ಅದೆಲ್ಲ ಸುಳ್ಳು. ಇಂಜೆಕ್ಷನ್ ಚುಚ್ಚಿದ್ದು ಬಿಟ್ಟರೆ ನನಗೆ ನೋವೇ ಆಗಲಿಲ್ಲ. ಎಂಜಲು ಹಲ್ಲಿನೊಳಗೆ ಹೋಗದಂತೆ, ಸಣ್ಣ ಸೂಜಿ ಗಂಟಲಿಗೆ ಜಾರದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಆ ಒಂದು ಹಲ್ಲಿಗೆ ಎರಡು ಬೇರು, ಮೂರು ನಾಳ! ಒಂದೊಂದನ್ನೂ ಕೂದಲಿನಂಥ ಸೂಜಿಯಲ್ಲಿ ಕೆರೆದು ತೊಳೆದರು. ತೊಳೆಯುವ ಔಷಧಿಗೆ ಬ್ಲೀಚಿಂಗ್ ಪೌಡರಿನದೇ ವಾಸನೆ. ಎರಡನೇ ಸಲ ಹೋದಾಗ ಗುಲಾಬಿ ಬಣ್ಣದ ತೆಳ್ಳನೆ ಕಡ್ಡಿ ತುಂಬಿ ಮುಚ್ಚಿದರು. ಗಟಾ ಪರ್ಚಾ ಅಂತೆ, ಮರದ ಹಾಲಿನಿಂದ ಮಾಡುವುದು. ಎರಡು ದಿನ ಅಗಿದರೆ ನೋವಿತ್ತು, ಮೂರನೇ ದಿನ ಅದೂ ಇಲ್ಲ.

ನಾನು ಎಡವಿದ್ದು ಇಲ್ಲಿ. "ಒಳಗೆ ಕೊರೆದು ಟೊಳ್ಳಾಗಿದೆ, ಗೋಡೆ ತೆಳು. ಬೇಗ ಬಂದು ಕ್ಯಾಪ್ ಹಾಕಿಸ್ಕೊಳ್ಳಿ" ಅಂದಿದ್ದರು. ಕ್ಯಾಪಿಗೆ ಬೇರೆ ದುಡ್ಡು ಅಂತ ಗೊತ್ತಾಗಿದ್ದೂ ಆವಾಗಲೇ. ಬಾಯಿ ಮರಗಟ್ಟಿತ್ತು, ಸುಮ್ನೆ ತಲೆ ಆಡಿಸಿ ಬಂದೆ. ಆ ತಿಂಗಳು ಮಗಳ ಕಾಲೇಜು ಫೀಸು ಕಟ್ಟುವುದಿತ್ತು. ನೋವಂತೂ ಇಲ್ಲ, ಮುಂದಿನ ತಿಂಗಳು ನೋಡೋಣ ಅಂದೆ. ಹಾಗೇ ಎಂಟು ತಿಂಗಳು ಕಳೆಯಿತು.

ನಮ್ಮದು ತಿಪಟೂರು, ಕೊಬ್ಬರಿ ಊರು. ಒಂದು ಸಂಜೆ ಬೆಲ್ಲದ ಜತೆ ಕೊಬ್ಬರಿ ಚೂರು ಕಡಿದೆ. ಕಟಕ್ ಅಂತು. ಕೊಬ್ಬರಿ ಅಂದುಕೊಂಡೆ, ಹಲ್ಲು! ಕೈಗೆ ಉಗುಳಿ ನೋಡಿದರೆ ಹಲ್ಲಿನ ಒಂದು ಹೋಳು, ಅದಕ್ಕೆ ಅಂಟಿಕೊಂಡು ಆ ಗುಲಾಬಿ ಕಡ್ಡಿಯ ತುಂಡು. ಬೇರಿನವರೆಗೂ ಉದ್ದಕ್ಕೆ ಸೀಳಿತ್ತು. ಉಳಿಸೋಕೆ ಆಗಲ್ಲ ಅಂತ ಕಿತ್ತರು.

ಮುಂದಿನ ಹಲ್ಲಾದರೆ, ಜಾಸ್ತಿ ಸವೆದಿಲ್ಲದಿದ್ದರೆ, ಬರೀ ಫಿಲ್ಲಿಂಗ್ ಸಾಕಾಗಬಹುದಂತೆ. ದವಡೆ ಹಲ್ಲು ಹಾಗಲ್ಲ, ಅಗಿಯುವ ಭಾರವೆಲ್ಲ ಅದರ ಮೇಲೆ. ಇನ್ನೊಂದು ವಿಷಯ, ನರ ತೆಗೆದ ಹಲ್ಲು ಮತ್ತೆ ಹುಳುಕಾದರೂ ಜುಮ್ ಅನ್ನುವುದಿಲ್ಲ. ನೋವಿಲ್ಲ ಅಂದರೆ ಚೆನ್ನಾಗಿದೆ ಅಂತ ಲೆಕ್ಕವಲ್ಲ. ಶುಗರ್ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲೇ ಡಾಕ್ಟರಿಗೆ ಹೇಳಿಬಿಡಿ.

ದಂತ ವೈದ್ಯರಲ್ಲಿ ನನ್ನದೊಂದು ಕೋರಿಕೆ. ರೂಟ್ ಕೆನಾಲ್ ಇಷ್ಟು, ಕ್ಯಾಪ್ ಇಷ್ಟು ಅಂತ ಮೊದಲ ದಿನವೇ, ಇಂಜೆಕ್ಷನ್ ಕೊಡುವ ಮುಂಚೆ, ಒಂದು ಚೀಟಿಯಲ್ಲಿ ಬರೆದುಕೊಡಿ. ನಾವು ಅದಕ್ಕೆ ತಕ್ಕ ಹಾಗೆ ದುಡ್ಡು ಹೊಂದಿಸಿಕೊಳ್ಳುತ್ತೇವೆ.

ನನ್ನ ಆ ಜಾಗ ಈಗಲೂ ಖಾಲಿ. ಪಕ್ಕದ ಹಲ್ಲು ಅತ್ತ ವಾಲೋಕೆ ಶುರುವಾಗಿದೆಯಂತೆ.

– ಒಬ್ಬ ನಿವೃತ್ತ ಬಸ್ ಕಂಡಕ್ಟರ್, ತಿಪಟೂರು