ಹಳೇ ಹಂಚಿಗೆ ಒಂದು ಜಾಗ ಕೊಡಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಮಂಗಳೂರಿನಿಂದ ನಿಮ್ಮ ಕ್ಷೇತ್ರದ ಮತದಾರೆ ಒಬ್ಬಳ ನಮಸ್ಕಾರಗಳು.

ವಿಷಯ ಎಂತ ಅಂತ ಮೊದಲೇ ಹೇಳಿಬಿಡ್ತೇನೆ, ನಿಮಗೆ ದಿನಕ್ಕೆ ಎಷ್ಟು ಅರ್ಜಿ ಬರ್ತದೋ ಏನೋ. ನಮ್ಮ ಊರಲ್ಲಿ ಒಡೆದ ಹಂಚು, ಗುಜರಿ, ಹರಿದ ಬಲೆ, ಒಡೆದ ಪಿಂಗಾಣಿ ಇಂಥದ್ದರಿಂದಲೇ ಮಾಡಿದ ಗೊಂಬೆಗಳ ಒಂದು ತೋಟ ಆಗ್ಬೇಕು, ಬಯಲಲ್ಲಿ, ಯಾರು ಬೇಕಾದ್ರೂ ಬಂದು ನೋಡುವ ಹಾಗೆ. ಅದಕ್ಕೆ ನೀವು ಸ್ವಲ್ಪ ಜಾಗ ಕೊಡಿಸ್ಬೇಕು, ಕೈಕೆಲಸ ಗೊತ್ತಿರುವ ಒಬ್ಬರಿಗೆ ಸಂಬಳ ಕೊಡಿಸ್ಬೇಕು. ಟೆಂಡರ್ ಕರೆಯುದು ಬೇಡ. ಯಾಕೆ ಬೇಡ ಅಂತ ಹೇಳ್ಲಿಕ್ಕೇ ಇಷ್ಟು ಉದ್ದ ಬರೀತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ದೆಹಲಿಯಲ್ಲಿ ನನ್ನ ತಮ್ಮನ ಮನೆ ಉಂಟು. ಈ ಸಲ ಹೋದಾಗ ಅವನ ಮಗಳು "ಅತ್ತೆ, ನಿಮಗೆ ಗುಜರಿಯಿಂದ ಮಾಡಿದ ಊರು ತೋರಿಸ್ತೇನೆ ಬನ್ನಿ" ಅಂತ ಹೇಳಿ ಚಂಡೀಗಢಕ್ಕೆ ಕರ್ಕೊಂಡು ಹೋದ್ಲು. ಬೆಳಿಗ್ಗೆ ಶತಾಬ್ದಿ ಹಿಡಿದ್ರೆ ಮಧ್ಯಾಹ್ನದೊಳಗೆ ಮುಟ್ತದೆ, ಸಂಜೆಯ ಟ್ರೈನಿಗೆ ವಾಪಸ್ ಬರಬಹುದು. ಚಂಡೀಗಢ ನೀವು ನೋಡಿರ್ತೀರಿ, ಲೆ ಕಾರ್ಬೂಸಿಯೆ ಅಂತ ಹೊರದೇಶದ ವಾಸ್ತುಶಿಲ್ಪಿ ಪ್ಲಾನ್ ಮಾಡಿದ ಊರು, ಎಲ್ಲ ನೇರ ರಸ್ತೆ, ಎಲ್ಲ ಸೆಕ್ಟರ್ ನಂಬರು. ಆ ಊರಿನ ರಸ್ತೆಯಲ್ಲಿ, ಪಾರ್ಕಲ್ಲಿ ಯಾವ ವ್ಯಕ್ತಿಯ ಪ್ರತಿಮೆಯನ್ನೂ ನಿಲ್ಲಿಸ್ಬಾರದು ಅಂತ ಪ್ಲಾನ್ ಮಾಡಿದವರೇ ಬರೆದಿಟ್ಟಿದ್ದಾರೆ. ಅದೇ ಊರಿನ ಸೆಕ್ಟರ್ ಒಂದರಲ್ಲಿ, ಹೈಕೋರ್ಟ್ ಮತ್ತು ಸುಖ್ನಾ ಕೆರೆ ನಡುವೆ, ಸಾವಿರಗಟ್ಟಲೆ ಗೊಂಬೆಗಳು ನಿಂತಿವೆ. ರಾಕ್ ಗಾರ್ಡನ್.

ಅದನ್ನು ಮಾಡಿದವರು ನೇಕ್ ಚಂದ್ ಸೈನಿ. ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ, ದೇಶ ಎರಡಾದಾಗ ಊರು ಬಿಟ್ಟು ಈಚೆ ಬಂದವರು. 1951ರಲ್ಲಿ ಚಂಡೀಗಢದ ಪಿಡಬ್ಲ್ಯುಡಿಯಲ್ಲಿ ರೋಡ್ ಇನ್ಸ್‌ಪೆಕ್ಟರ್ ಆಗಿ ಸೇರಿದ್ರು. ಹೊಸ ಊರು ಕಟ್ಟಲಿಕ್ಕೆ ಅಲ್ಲಿದ್ದ ಹಳ್ಳಿಗಳನ್ನು ಕೆಡವಿದ್ರಲ್ಲ, ಆ ಮನೆಗಳ ಒಡೆದ ಮಡಕೆ, ಪಿಂಗಾಣಿ, ಕಲ್ಲು ಎಲ್ಲ ರಾಶಿ ಬಿದ್ದಿತ್ತು. ಇವರು ಡ್ಯೂಟಿ ಮುಗಿಸಿ ಸೈಕಲಲ್ಲಿ ಅದನ್ನೆಲ್ಲ ಹೇರಿಕೊಂಡು ಹೋಗಿ ಕಾಡಿನೊಳಗೆ ಒಂದು ಜಾಗದಲ್ಲಿ ಇಟ್ರು, ಆಮೇಲೆ ಅದರಿಂದ ಒಂದೊಂದೇ ಗೊಂಬೆ ಮಾಡ್ಲಿಕ್ಕೆ ಶುರು ಮಾಡಿದ್ರು. ಏನನ್ನೂ ಕಟ್ಟಬಾರದು ಅಂತ ಇದ್ದ ಸರ್ಕಾರಿ ಜಾಗ ಅದು, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಹೇಳದೆ ಕದ್ದುಮುಚ್ಚಿ ಮಾಡಿದ್ದು.

ಮಾನ್ಯರೇ, ನನಗೆ ನಿಮ್ಮ ಹತ್ರ ಹೇಳ್ಬೇಕು ಅಂತ ಅನಿಸಿದ್ದು ಮುಂದಿನ ಕಥೆ. 1970ರ ದಶಕದಲ್ಲಿ ಅಧಿಕಾರಿಗಳಿಗೆ ಇದು ಗೊತ್ತಾಯ್ತು. ಕಾನೂನಿನ ಪ್ರಕಾರ ಕೆಡವಬಹುದಿತ್ತು, ನೌಕರಿಯಿಂದಲೂ ತೆಗೀಬಹುದಿತ್ತು, ಕೆಡವ್ಬೇಕು ಅಂತ ಹೇಳಿದವರೂ ಇದ್ರು. ಆದ್ರೆ ಅಲ್ಲಿಯ ಆಡಳಿತ ಕೊನೆಗೆ ಮಾಡಿದ್ದೇನು ಗೊತ್ತುಂಟಾ, 1976ರಲ್ಲಿ ಅದನ್ನು ಜನರಿಗೆ ತೆರೆದ್ರು, ಆ ಮನುಷ್ಯನಿಗೆ "ಸಬ್ ಡಿವಿಷನಲ್ ಎಂಜಿನಿಯರ್, ರಾಕ್ ಗಾರ್ಡನ್" ಅಂತ ಒಂದು ಹುದ್ದೆ ಕೊಟ್ರು, ಸಂಬಳ ಕೊಟ್ರು, 50 ಜನ ಕೂಲಿಯವರನ್ನು ಕೊಟ್ರು, ಊರಿನ ಬೇರೆ ಬೇರೆ ಕಡೆ ಚಿಂದಿ ಬಟ್ಟೆ, ಒಡೆದ ಪಿಂಗಾಣಿ ಎಲ್ಲ ಒಟ್ಟು ಮಾಡುವ ಸೆಂಟರ್ ಮಾಡಿದ್ರು. ಒಂದು ಸರ್ಕಾರಿ ಆಫೀಸಿನಿಂದ ಇಷ್ಟು ಒಳ್ಳೆ ಆರ್ಡರ್ ಹೊರಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. 1983ರಲ್ಲಿ ಅದರ ಮೇಲೆ ಅಂಚೆಚೀಟಿ ಬಂತು, 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2015ರಲ್ಲಿ ತೀರಿಕೊಂಡ್ರು.

ಒಳಗೆ ಹೋದ್ರೆ ಬಾಗಿಲುಗಳೇ ಗಿಡ್ಡ, ತಲೆ ತಗ್ಗಿಸಿ ನುಗ್ಗಬೇಕು, ಓಣಿ ತಿರುಗಿ ತಿರುಗಿ ಹೋಗ್ತದೆ, ಮುಂದೆ ಏನು ಬರ್ತದೆ ಅಂತ ಗೊತ್ತಾಗುದಿಲ್ಲ. ಒಂದು ಗೋಡೆ ಪೂರ್ತಿ ಹಳೇ ಕರೆಂಟಿನ ಪಿಂಗಾಣಿ ಫ್ಯೂಸ್, ಸಾಕೆಟ್‌ಗಳದ್ದು. ಇನ್ನೊಂದು ಕಡೆ ಡಾಂಬರು ಡ್ರಮ್ ಸಾಲಾಗಿ ನಿಲ್ಲಿಸಿ ಮಾಡಿದ ಗೋಡೆ. ನಾನು ತುಂಬಾ ಹೊತ್ತು ನಿಂತದ್ದು ಬಳೆಯ ಹೆಂಗಸರ ಎದುರು. ಸಾಲಾಗಿ ನಿಂತಿದ್ದಾರೆ, ಆಳೆತ್ತರ ಇಲ್ಲ, ಸೊಂಟಕ್ಕಿಂತ ಸ್ವಲ್ಪ ಮೇಲೆ ಬರ್ತಾರೆ ಅಷ್ಟೆ, ಮೈಮೇಲೆ ಸೀರೆ ಇರ್ಬೇಕಾದ ಜಾಗದಲ್ಲಿ ಪೂರ್ತಿ ಒಡೆದ ಗಾಜಿನ ಬಳೆ. ಹತ್ತಿರ ಹೋಗಿ ನೋಡಿದ್ರೆ ಒಂದೊಂದು ಚೂರನ್ನೂ ಅದರ ಬಾಗು ನೋಡಿಯೇ ಒತ್ತಿದ್ದಾರೆ, ಕೆಂಪು ಒಂದು ಸಾಲು, ಹಸಿರು ಒಂದು ಸಾಲು, ಚೂರಿನ ಬಾಗು ಮೈಯ ಬಾಗಿಗೆ ಕೂತಿದೆ. ಒಳಗೆ ಕಬ್ಬಿಣದ ಸರಿಗೆಯೋ ಸೈಕಲ್ ಫ್ರೇಮೋ ಇರ್ತದೆ, ಅದಕ್ಕೆ ಚಿಂದಿ ಸುತ್ತಿ ಸಿಮೆಂಟ್ ಮೆತ್ತಿ, ಸಿಮೆಂಟ್ ಹಸಿ ಇರುವಾಗಲೇ ಈ ಚೂರು ಕೂರಿಸ್ಬೇಕು, ತಡ ಆದ್ರೆ ಹಿಡಿಯುದಿಲ್ಲ. ನಮ್ಮಲ್ಲಿ ಒಡೆದ ಬಳೆ ಅಂದ್ರೆ ಅಪಶಕುನ ಅಂತ ಗುಡಿಸಿ ಹೊರಗೆ ಹಾಕುದು. ಅಲ್ಲಿ ಅದು ಬಿಸಿಲಿಗೆ ಹೊಳೀತಾ ಇತ್ತು, ನನ್ನ ಕಣ್ಣಲ್ಲಿ ನೀರು ಬಂತು.

ಸೈಕಲ್ ಸೀಟೇ ತಲೆ, ಹ್ಯಾಂಡಲೇ ಕೊಂಬು ಆದ ಪ್ರಾಣಿಗಳೂ ಉಂಟು, ಜಲಪಾತ ಉಂಟು, ಉಯ್ಯಾಲೆ ಉಂಟು, ಅದನ್ನೆಲ್ಲ ಹೇಳ್ತಾ ಹೋದ್ರೆ ಮುಗಿಯುದಿಲ್ಲ.

ಇನ್ನು ದೆಹಲಿಯ ಮಾತು. ಅಲ್ಲಿ ಸರಾಯ್ ಕಾಲೇ ಖಾನ್ ಹತ್ರ "ವೇಸ್ಟ್ ಟು ವಂಡರ್" ಅಂತ ಪಾರ್ಕ್ ಉಂಟು, 2019ರಲ್ಲಿ ಅಲ್ಲಿಯ ಕಾರ್ಪೊರೇಷನ್ ಮಾಡಿದ್ದು. ಸುಮಾರು 150 ಟನ್ ಗುಜರಿ ಹಾಕಿ ತಾಜ್ ಮಹಲ್, ಐಫೆಲ್ ಟವರ್, ಪಿರಮಿಡ್ ಅಂತ ಏಳು ಅದ್ಭುತಗಳ ನಕಲು ಮಾಡಿದ್ದಾರೆ. ಅದು ಹಿಟ್ ಆದ ಮೇಲೆ ಪಂಜಾಬಿ ಬಾಗ್‌ನಲ್ಲಿ ಇನ್ನೊಂದು ಮಾಡಿದ್ರು, ಅದರಲ್ಲಿ ನಮ್ಮ ಹಂಪಿ, ಮೈಸೂರು ಅರಮನೆಯೂ ಗುಜರಿಯಲ್ಲಿ ನಿಂತಿವೆ. ಮಕ್ಕಳು ಖುಷಿಯಲ್ಲಿ ಓಡಾಡ್ತಾರೆ, ಎಲ್ಲರೂ ಫೋಟೋ ತೆಗೀತಾರೆ, ವೆಲ್ಡಿಂಗ್ ಮಾಡಿದವರ ಕೈ ಚಳಕ ದೊಡ್ಡದೇ, ಅದರ ಬಗ್ಗೆ ನಂಗೆ ಗೌರವ ಉಂಟು. ಆದ್ರೆ ತಾಜ್ ಮಹಲ್ ಎದುರು ನಿಂತಾಗ ತಾಜ್ ಮಹಲ್ ನೆನಪಾಗ್ತದೆ ಅಷ್ಟೆ, ಆ ಪೈಪು, ಆ ಗೇರ್ ಯಾವ ಗಾಡಿಯದ್ದು, ಯಾರ ಮನೆಯದ್ದು ಅಂತ ಒಂದೂ ಗೊತ್ತಾಗುದಿಲ್ಲ. ಚಂಡೀಗಢದಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಚೂರೂ ಆ ಊರಿನದ್ದೇ, ಕೆಡವಿದ ಹಳ್ಳಿಯದ್ದು, ಯಾರದ್ದೋ ಅಡಿಗೆ ಮನೆಯದ್ದು, ಯಾರದ್ದೋ ಕೈಯದ್ದು.

ನನಗೆ ಭಯ ಇರುದು ಇಲ್ಲೇ. ನಮ್ಮಲ್ಲಿ ಯಾರಾದ್ರೂ ಇಂಥ ಐಡಿಯಾ ಹೇಳಿದ್ರೆ ಕೂಡಲೇ ಒಂದು ಡಿಪಿಆರ್ (ಯೋಜನೆಯ ವಿವರವಾದ ವರದಿ) ಆಗ್ತದೆ, ಟೆಂಡರ್ ಆಗ್ತದೆ, ಹೊರಗಿನ ಏಜೆನ್ಸಿ ಬಂದು ಮೂರು ತಿಂಗಳಲ್ಲಿ ಕಬ್ಬಿಣದ ಐಫೆಲ್ ಟವರ್ ನಿಲ್ಲಿಸಿ, ಐ ಲವ್ ಅಂತ ಬೋರ್ಡ್ ಹಾಕಿ, ಬಿಲ್ ಮಾಡಿ ಹೋಗ್ತದೆ. ನಮ್ಮ ಮಳೆ ನಿಮಗೆ ಗೊತ್ತುಂಟು, ವರ್ಷಕ್ಕೆ 3,500 ಮಿಲಿಮೀಟರ್ ದಾಟ್ತದೆ, ಮೇಲಿಂದ ಕಡಲಿನ ಉಪ್ಪುಗಾಳಿ. ಎರಡು ಮಳೆಗಾಲ ಕಳೆಯುವಾಗ ಆ ಕಬ್ಬಿಣ ತುಕ್ಕು ಹಿಡಿದು ಉದುರಲಿಕ್ಕೆ ಶುರು ಆಗ್ತದೆ, ಆಮೇಲೆ ಅದಕ್ಕೆ ಪೇಂಟ್ ಹೊಡೆಯಲಿಕ್ಕೆ ಇನ್ನೊಂದು ಟೆಂಡರ್.

ಮಳೆಗೆ ಹೆದರದ ಸಾಮಾನು ನಮ್ಮ ಹತ್ರ ಇಲ್ವಾ? 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದಲ್ಲಿ ಹಂಚಿನ ಫ್ಯಾಕ್ಟರಿ ಹಾಕಿದ್ರು, ಆಮೇಲೆ ನಮ್ಮ ಊರಿನವರದ್ದೇ ಎಷ್ಟೋ ಫ್ಯಾಕ್ಟರಿ ಆದವು, ಹಡಗು ಹತ್ತಿ ನಮ್ಮ ಹಂಚು ಬೇರೆ ದೇಶಕ್ಕೆ ಹೋಯ್ತು. ಮಂಗಳೂರು ಹಂಚು ಅಂತ ಊರಿನ ಹೆಸರು ಲೋಕಕ್ಕೆ ಗೊತ್ತಾದದ್ದು ಅದರಿಂದ. ಈಗ ಫ್ಯಾಕ್ಟರಿ ಒಂದೊಂದೇ ಮುಚ್ಚಿ ಆಯ್ತು, ಹಳೇ ಮನೆ ಒಂದೊಂದೇ ಬೀಳ್ತಾ ಉಂಟು. ಒಂದು ಮನೆ ಕೆಡವುವಾಗ ಹೋಗಿ ನೋಡಿ ನೀವು. ಮರದ ಪಕ್ಕಾಸು, ಬಾಗಿಲು ದಾರಂದ ಎಲ್ಲ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗ್ತದೆ, ಅದಕ್ಕೆ ರೇಟ್ ಉಂಟು. ಸರಿ ಇದ್ದ ಹಂಚೂ ಸ್ವಲ್ಪ ಮಾರಾಟ ಆಗ್ತದೆ. ಒಡೆದದ್ದು ಗದ್ದೆ ತುಂಬಿಸಲಿಕ್ಕೆ ಲಾರಿಯಲ್ಲಿ ಹೋಗ್ತದೆ. ನಮ್ಮ ಹಳೇ ಮನೆ ತೆಗೆಯುವಾಗ ನಾನೊಂದು ಹಂಚು ಕೈಯಲ್ಲಿ ಹಿಡ್ಕೊಂಡು ನೋಡಿದ್ದೆ, ಮೇಲಿನ ಮೈ ಪಾಚಿ ಹಿಡಿದು ಕಪ್ಪು, ಮಗುಚಿ ಹಾಕಿದ್ರೆ ಅಡಿ ಬೆನ್ನು ಈಗಷ್ಟೇ ಗೂಡಿನಿಂದ ತೆಗೆದ ಹಾಗೆ ಕೆಂಪು, ಅದರಲ್ಲಿ ಫ್ಯಾಕ್ಟರಿಯ ಹೆಸರು ಇಂಗ್ಲಿಷಲ್ಲಿ ಒತ್ತಿದ್ದು, ಒಂದಕ್ಷರವೂ ಸವೆದಿರಲಿಲ್ಲ. ಬೆರಳಲ್ಲಿ ತಟ್ಟಿದ್ರೆ ಠಣ್ ಅಂತ ಶಬ್ದ ಬರ್ತಿತ್ತು. ಅಷ್ಟು ಮಳೆ ಹೊತ್ತ ವಸ್ತುವನ್ನು ಗುಂಡಿಗೆ ತುಂಬಿಸುದು ಸರಿಯಾ ಹೇಳಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಜಾಗ ಎಲ್ಲಿ ಅಂತ ನೀವೇ ನೋಡಿ, ಪಿಲಿಕುಳದಲ್ಲಿ ಕುಶಲಕರ್ಮಿಗಳ ಗ್ರಾಮ ಮೊದಲೇ ಉಂಟು, ಅದರ ಆಚೆಈಚೆ ಸ್ವಲ್ಪ ಸಿಕ್ಕಿದ್ರೂ ಸಾಕು, ಇಲ್ಲದಿದ್ರೆ ಮುಚ್ಚಿದ ಯಾವುದಾದ್ರೂ ಹಂಚಿನ ಫ್ಯಾಕ್ಟರಿಯ ಅಂಗಳ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ, ಹೊಗೆ ಕೊಳವೆ ಸಮೇತ ಉಳಿಸ್ಕೊಳ್ಳಬಹುದು. ಮನೆ ಕೆಡವುವವರು ಒಡೆದ ಹಂಚು, ಪಿಂಗಾಣಿ, ಮೊಸಾಯಿಕ್ ತಂದು ಹಾಕಲಿಕ್ಕೆ ಒಂದು ಗೇಟು ಬೇಕು, ಮೀನಿನ ದೋಣಿ ನಿಲ್ಲುವ ಧಕ್ಕೆಯಿಂದ ಹಳೇ ಬಲೆ, ಹಗ್ಗ, ಮುರಿದ ದೋಣಿಯ ಹಲಗೆ ಬರ್ಬೇಕು. ಮತ್ತೆ ಮನುಷ್ಯರು. ಹಂಚಿನ ಫ್ಯಾಕ್ಟರಿಯಲ್ಲಿ ಮಣ್ಣು ಮುಟ್ಟಿ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಹಂಚು ಹಾಕುವ ಮೇಸ್ತ್ರಿಗಳಿದ್ದಾರೆ, ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರಿದ್ದಾರೆ, ಹುಲಿವೇಷಕ್ಕೆ ಬಣ್ಣ ಬರೆಯುವವರಿದ್ದಾರೆ. ಇವರಲ್ಲಿ ಒಬ್ಬರನ್ನು ಹುಡುಕಿ ಚಂಡೀಗಢದ ಹಾಗೆ ಹುದ್ದೆ ಕೊಡಿ, ಕೈಕೆಳಗೆ ನಾಲ್ಕಾರು ಜನ ಕೊಡಿ, ಐದು ವರ್ಷ ತೊಂದ್ರೆ ಕೊಡದೆ ಬಿಡಿ. ಉದ್ಘಾಟನೆಯ ದಿನ ಮೊದಲೇ ಫಿಕ್ಸ್ ಮಾಡುದು ಬೇಡ. ಕಂಬಳದ ಕೋಣ ಹಂಚಿನಲ್ಲಿ ಎಷ್ಟು ಚಂದ ಆಗ್ತದೆ ಅಂತ ನನಗೆ ಈಗಲೇ ಕಾಣ್ತದೆ, ಕಪ್ಪು ಪಾಚಿಯ ಬದಿ ಮೈಗೆ, ಕೆಂಪು ಬದಿ ಹಗ್ಗಕ್ಕೆ. ಆದ್ರೆ ಒಂದು ಮಾತು, ದೈವ, ದೇವರು ಮಾಡುದು ಬೇಡ, ಅದರ ಜಾಗ ಬೇರೆ, ಅದು ನಂಬುವವರ ಮನಸ್ಸಿಗೆ ಬಿಟ್ಟದ್ದು.

ಖರ್ಚಿನ ಬಗ್ಗೆ ನೀವು ಕೇಳ್ತೀರಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಶೆಡ್ಡು, ಕಾಂಪೌಂಡು, ನೀರಿನ ವ್ಯವಸ್ಥೆ ಮಾಡಿಸಬಹುದು ಅಂತ ನನ್ನ ಎಣಿಕೆ. ಸಂಬಳಕ್ಕೆ ಕಾರ್ಪೊರೇಷನ್ ಹತ್ರ, ಪ್ರವಾಸೋದ್ಯಮ ಇಲಾಖೆ ಹತ್ರ ನೀವೇ ಕೂತು ಮಾತಾಡ್ಬೇಕು, ಅದು ನಮ್ಮಂಥವರಿಂದ ಆಗುದಿಲ್ಲ. ಸೊಳ್ಳೆಯ ವಿಷಯವೂ ಮೊದಲೇ ಯೋಚನೆ ಮಾಡ್ಬೇಕು, ಮಲೇರಿಯ, ಡೆಂಗ್ಯೂ ನಮ್ಮ ಊರನ್ನು ಕಾಡಿದ್ದು ಕಮ್ಮಿ ಅಲ್ಲ, ಟೊಳ್ಳು ಇರುವ ಯಾವ ಗೊಂಬೆಯಲ್ಲೂ ನೀರು ನಿಲ್ಲದ ಹಾಗೆ ಅಡಿಯಲ್ಲಿ ತೂತು ಇಡ್ಬೇಕು. ಕಸದ ಪ್ರಶ್ನೆ ಇದರಿಂದ ಮುಗೀತದೆ ಅಂತ ನಾನು ಹೇಳುದಿಲ್ಲ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದವರ ಮನೆ, ಅಡಿಕೆ ತೋಟ ಮುಚ್ಚಿಹೋದದ್ದು ನಮಗೆಲ್ಲ ನೆನಪುಂಟು, ಅದಕ್ಕೆ ಬೇರೆಯೇ ಕೆಲಸ ಆಗ್ಬೇಕು, ಅದನ್ನೂ ನೀವು ಮಾಡಿಸ್ಬೇಕು. ಈ ತೋಟ ಕೇಳುದು ಬೇರೆ ಕಾರಣಕ್ಕೆ, ನಮ್ಮ ಊರು ನೂರೈವತ್ತು ವರ್ಷ ಮಾಡಿದ ಒಂದು ಕೆಲಸದ ಗುರುತು ಎಲ್ಲಾದ್ರೂ ಒಂದು ಕಡೆ ಉಳೀಬೇಕು ಅಂತ.

ಇನ್ನೊಂದು ವಿಷಯ, ಮಾಡಿದ ಮೇಲೆ ಕಾಯುದು. ರಾಕ್ ಗಾರ್ಡನ್‌ಗೂ ಕಷ್ಟ ತಪ್ಪಲಿಲ್ಲ. 1980ರ ದಶಕದ ಕೊನೆಗೆ ರಸ್ತೆ, ಪಾರ್ಕಿಂಗ್ ಅಂತ ಹೇಳಿ ಅದರ ಒಂದು ಭಾಗ ಕೆಡವಲಿಕ್ಕೆ ಹೊರಟಾಗ ಊರಿನವರು ಅಡ್ಡ ನಿಂತು ಉಳಿಸಿದ್ರು. 1996ರಲ್ಲಿ ನೇಕ್ ಚಂದ್ ವಿದೇಶದಲ್ಲಿದ್ದಾಗ ಯಾರೋ ನುಗ್ಗಿ ಗೊಂಬೆಗಳನ್ನು ಒಡೆದು ಹಾಕಿದ್ರು. 2025ರಲ್ಲಿ ಹೈಕೋರ್ಟ್ ಕಡೆಯ ರಸ್ತೆ ಅಗಲ ಮಾಡಲಿಕ್ಕೆ ಗೋಡೆಯ ಒಂದು ಭಾಗ ಉರುಳಿಸಿದ್ರು, ಜನ ಮೇಣದಬತ್ತಿ ಹಿಡ್ಕೊಂಡು ಬೀದಿಗೆ ಬಂದ್ರೂ ಗೋಡೆ ಉಳೀಲಿಲ್ಲ. ಅಂಚೆಚೀಟಿ ಬಂದ, ಪದ್ಮಶ್ರೀ ಬಂದ ಜಾಗದ ಕಥೆಯೇ ಹೀಗಾದ್ರೆ ನಮ್ಮದಕ್ಕೆ ಮೊದಲ ದಿನದಿಂದಲೇ ಕಾಗದಪತ್ರ ಗಟ್ಟಿ ಇರ್ಬೇಕು. ಜಾಗ ಯಾರ ಹೆಸರಲ್ಲಿ, ಎಷ್ಟು ವರ್ಷಕ್ಕೆ, ಪಕ್ಕದ ರಸ್ತೆ ಅಗಲ ಆಗುವಾಗ ಏನು ಮಾಡುದು, ಎಲ್ಲ ಬರೆದಿಟ್ಟೇ ಶುರು ಮಾಡಿ.

ಮಳೆಗಾಲ ಮುಗಿದ ಮೇಲೆ ಮನೆ ಕೆಡವುವ ಕೆಲಸಗಳು ಜೋರಾಗ್ತವೆ, ಹಂಚು ಲಾರಿ ಹತ್ತುವ ಸಮಯ ಅದೇ. ಅದಕ್ಕೆ ಮೊದಲು ಹಂಚು ತಂದು ಪೇರಿಸಿ ಇಡ್ಲಿಕ್ಕೆ ಬೇಲಿ ಹಾಕಿದ ಒಂದು ಜಾಗ ಮಾತ್ರ ಆದ್ರೂ ಮಾಡಿಸಿಕೊಡಿ, ಗೊಂಬೆಯ ಮಾತು ಆಮೇಲೆ ಆಗ್ಲಿ. ನಮ್ಮ ಬೀದಿಯಲ್ಲೇ ಇನ್ನು ಕೆಡವಲಿಕ್ಕಿರುವ ಎರಡು ಮನೆಯವರ ಹತ್ರ ನಾನು ಕೇಳಿ ಆಗಿದೆ, ಜಾಗ ತೋರಿಸಿದ್ರೆ ಒಡೆದ ಹಂಚನ್ನು ಅವರ ಖರ್ಚಲ್ಲೇ ತಂದು ಹಾಕ್ತಾರಂತೆ.

ಇತಿ ನಿಮ್ಮ ಉತ್ತರಕ್ಕೆ ಕಾಯುವ,
ನಿಮ್ಮ ಕ್ಷೇತ್ರದ ಮತದಾರೆ