ಗೇಟಿನ ಪಕ್ಕ ಪಿಟ್, ಅದರ ಪಕ್ಕ ಬೋರ್‌ವೆಲ್

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಕೇಂದ್ರದಲ್ಲಿ ಹೊಸ ಬಡಾವಣೆಗಳು ಬೇಗ ಬೇಗ ತುಂಬುತ್ತಿವೆ. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು, ಆರು ಬಾಡಿಗೆ ಮನೆ. ಒಳಚರಂಡಿ ಇನ್ನೂ ಬಂದಿಲ್ಲ. ಹಾಗಾಗಿ ಗೇಟಿನ ಹತ್ತಿರ ಸಿಮೆಂಟ್ ರಿಂಗ್ ಇಳಿಸಿ ಶೌಚಾಲಯದ ಪಿಟ್ ಮಾಡುತ್ತಾರೆ. ತಳಕ್ಕೆ ಕಾಂಕ್ರೀಟ್ ಇರುವುದಿಲ್ಲ, ಕೊಳಕು ನೀರು ನೇರ ನೆಲಕ್ಕೆ ಇಂಗುತ್ತದೆ. ಇಪ್ಪತ್ತು ಅಡಿ ಆಚೆಗೇ ಬೋರ್‌ವೆಲ್! ಇಂಥ ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಸುಮಾರು 60 ಅಡಿ ಅಂತರ ಬೇಕೆಂದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡವೇ ಹೇಳುತ್ತದೆ. ಸಣ್ಣ ಸೈಟಿನಲ್ಲಿ ಅದು ಕಷ್ಟ, ನಿಜ. ಆದರೆ ಆ ನೀರನ್ನು ಕುಡಿಯುವುದು ನಮ್ಮ ಮಕ್ಕಳೇ ಅಲ್ವಾ?

ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದವರೂ ಅದು ಉಕ್ಕುವ ತನಕ ಸುಮ್ನೆ ಇರುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು, ಅದೂ ಯಂತ್ರದಿಂದಲೇ. ರಕ್ಷಣೆ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ.

ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ಕತ್ತಲಾದ ಮೇಲೆ ಟ್ಯಾಂಕರ್ ಕೆರೆಯ ಕಡೆ ತಿರುಗುವುದನ್ನು ನಾನೇ ನೋಡಿದ್ದೇನೆ. ತುಂಬಾ ಸಂಕಟವಾಯಿತು. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಹೂಳು ಸಂಸ್ಕರಿಸುವ ಪುಟ್ಟ ಘಟಕ ಶುರುವಾಯಿತು. ಅಲ್ಲಿ ಹೂಳನ್ನು ಒಣಗಿಸಿ, ಹಸಿ ಕಸದ ಜತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಒಳಚರಂಡಿಗೆ ಕಾಯುತ್ತಿರುವ ಪ್ರತಿ ಊರಿಗೂ ಇಂಥದ್ದೊಂದು ಬೇಕು.

ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವ ಎಂಜಿನಿಯರುಗಳು ಪಿಟ್ ಮುಚ್ಚುವ ಮೊದಲು ಒಮ್ಮೆ ಸ್ಥಳಕ್ಕೆ ಬಂದು ತಳ ನೋಡಲಿ. ಮಳೆಗಾಲಕ್ಕೆ ಮೊದಲೇ ಇದು ಶುರುವಾಗಬೇಕು.

— ಒಬ್ಬ ನಿವಾಸಿ